ಗಡಿಯಾರದ ಹಿಂದೆ ಬಿಟ್ಟ ಬೆರಳು

ಜೆರಾಕ್ಸ್ ಅಂಗಡಿ ಇಟ್ಟವರು ಗಿರಾಕಿ ತಂದ ಕಾಗದ ಓದಬಾರದು ಅಂತಾರೆ. ನಾನು ಇಪ್ಪತ್ತೆರಡು ವರ್ಷದಿಂದ ಓದುತ್ತಲೇ ಬಂದಿದ್ದೀನಿ. ಊರಿನ ಅರ್ಧ ಜನರ ಆಸ್ತಿ ಪತ್ರ, ಮುಕ್ಕಾಲು ಜನರ ರಕ್ತದ ರಿಪೋರ್ಟು ನನಗೆ ಬಾಯಿಪಾಠ. ಆದರೆ ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಿದವಳಲ್ಲ. ಹೇಳಿದ್ದು ಒಂದೇ ಒಂದು ಸಲ, ಅದಕ್ಕೆ ನನಗೆ ಚೂರೂ ಪಶ್ಚಾತ್ತಾಪ ಇಲ್ಲ.

ನನ್ನ ಅಂಗಡಿ ಇರೋದು ರೈಲು ನಿಲ್ದಾಣದ ಎದುರಿಗೆ. ನಿಲ್ದಾಣಕ್ಕೆ ನೂರಾ ಮೂವತ್ತು ವರ್ಷ. ಹೋದ ವರ್ಷ ಅದನ್ನು ಹೊಸದು ಮಾಡ್ತೀವಿ ಅಂತ ಹೊರಟರು. ಹಳೇ ನಿಲ್ದಾಣಗಳಿಗೆ ಎಷ್ಟು ವರ್ಷಕ್ಕೊಮ್ಮೆ ಬಣ್ಣ ಹೊಡೀತಿದ್ದರು, ಏನೇನು ರಿಪೇರಿ ಮಾಡ್ತಿದ್ದರು ಅಂತ ಹುಡುಕಿ ಬರೆಯೋದಕ್ಕೆ ಒಬ್ಬ ಹುಡುಗಿಯನ್ನೂ ಕಳಿಸಿದರು. ಕನ್ನಡಕ, ಹೆಗಲಿಗೆ ಒಂದು ಚೀಲ, ಮಾತಿಗೊಂದು ಥ್ಯಾಂಕ್ಸ್. ನಾವೆಲ್ಲ ಅವಳನ್ನು ವರದಿ ಹುಡುಗಿ ಅಂತಿದ್ದೆವು. ಅವಳು ಒಂದು ದಿನ ನಲವತ್ತು ಪುಟದ ಕಟ್ಟು ತಂದು, ಮೂರು ಪ್ರತಿ ಬೇಕು ಆಂಟಿ ಅಂತ ಕೊಟ್ಟು, ಟೀ ಕುಡಿಯೋಕೆ ಹೋದಳು. ನಾನು ಓದಿದೆ.

ಹದಿನೇಳನೇ ಪುಟದಲ್ಲಿ ಹೀಗಿತ್ತು: "ಎಪ್ಪತ್ತೊಂಬತ್ತನೇ ಇಸವಿಯಿಂದ ಎರಡು ಸಾವಿರದ ಏಳರವರೆಗೆ ಬಣ್ಣ ಬಳಿದ ಬಗ್ಗೆ ಯಾವ ದಾಖಲೆಯೂ ಸಿಕ್ಕಿಲ್ಲ. ಈ ಅವಧಿಯಲ್ಲಿ ನಿಲ್ದಾಣದ ನಿರ್ವಹಣೆ ನಡೆದಿಲ್ಲವೆಂದು ತಿಳಿಯಬೇಕಾಗುತ್ತದೆ." ಅದರ ಕೆಳಗೆ, ಹೊಸ ಬಾಗಿಲ ಪಕ್ಕ ಕೂರಿಸುವ ಕರಿಕಲ್ಲಿನ ಮೇಲೆ ಏನು ಕೊರೆಯಬೇಕು ಅನ್ನೋದು. ಎರಡನೇ ಸಾಲು: "ಇಪ್ಪತ್ತೆಂಟು ವರ್ಷ ನಿರ್ಲಕ್ಷ್ಯದಲ್ಲಿ ಬಿದ್ದಿದ್ದ ಈ ಕಟ್ಟಡ".

ನಾನು ಮೆಷೀನ್ ನಿಲ್ಲಿಸಿದೆ. ಎಪ್ಪತ್ತೊಂಬತ್ತು ನನ್ನ ಅತ್ತೆ ಆ ನಿಲ್ದಾಣದ ಬಣ್ಣದ ತಂಡಕ್ಕೆ ಸೇರಿದ ವರ್ಷ. ಎರಡು ಸಾವಿರದ ಏಳು ಅವಳು ನಿವೃತ್ತಿಯಾದ ವರ್ಷ. ಯಾರೋ ಹುಡುಕಿ ಹುಡುಕಿ ಅವಳ ಸರ್ವೀಸನ್ನೇ ಅಳತೆ ತೆಗೆದು ಕತ್ತರಿಸಿ ಹಾಕಿದ ಹಾಗಿತ್ತು.

ಅತ್ತೆ ಅಂದರೆ ಅಪ್ಪನ ಅಕ್ಕ. ಮಾವ ರೈಲ್ವೆಯಲ್ಲಿ ಪೇಂಟರ್ ಆಗಿದ್ದ. ನಿಲ್ದಾಣದ ಸೂರಿಗೆ ಬಣ್ಣ ಹೊಡೆಯುವಾಗ ಏಣಿಯಿಂದ ಬಿದ್ದು ತೀರಿಕೊಂಡ. ಆ ಕೆಲಸವನ್ನು ಅತ್ತೆಗೆ ಕೊಟ್ಟರು. ಆಗ ಅವಳಿಗೆ ಮೂವತ್ತು. ಹೆಸರಿಗೆ ಪೇಂಟರ್, ಆಫೀಸಲ್ಲಿ ಸಾಹೇಬರ ಮೇಜು ಒರೆಸಿಕೊಂಡು, ಕುಡಿಯೋ ನೀರು ತುಂಬಿಸಿಕೊಂಡು ಇರಲಿ ಅನ್ನೋದು ಅವರ ಅಂದಾಜು. ಅತ್ತೆ ಮೊದಲ ದಿನ ಆ ನೀರಿನ ಕೊಡ ನೋಡಿ, "ಆದೇಶದಲ್ಲಿ ಪೇಂಟರ್ ಅಂತ ತಾನೇ ಬರೆದಿರೋದು? ಬ್ರಷ್ ಎಲ್ಲಿ?" ಅಂದಳಂತೆ. ಆಗಿನ ಮೇಸ್ತ್ರಿ ನಕ್ಕು, "ಏಣಿ ಹತ್ತೋಕೆ ಭಯ ಆಗಲ್ವೇನಮ್ಮ? ಬಿದ್ದರೆ ಏನು ಗತಿ?" ಅಂದ. "ಬಿದ್ದರೆ ಏನಾಗುತ್ತೆ ಅಂತ ನಿಮಗಿಂತ ನನಗೆ ಚೆನ್ನಾಗಿ ಗೊತ್ತು. ನೀವು ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ," ಅಂತ ಮಾವನ ಹಳೇ ಅಂಗಿಯ ತೋಳು ಮಡಚಿಕೊಂಡು ಹತ್ತಿಯೇ ಬಿಟ್ಟಳು. ಮೇಸ್ತ್ರಿ ಏಣಿ ಹಿಡಿದ. ಆಮೇಲೆ ಕೆಲಸವನ್ನೂ ಕಲಿಸಿದ.

ಈಗ ಅವಳಿಗೆ ಎಪ್ಪತ್ತೈದು. ನನ್ನ ಜೊತೆಗೇ ಇದ್ದಾಳೆ. ಕೈ ಸುಮ್ಮನಿರಲ್ಲ. ನಮ್ಮ ಮನೆಯ ಕಿಟಕಿ, ಕುರ್ಚಿ, ಕಡೆಗೆ ಫ್ರಿಜ್ಜು ಕೂಡ ಎರಡೆರಡು ಸಲ ಬಣ್ಣ ಕಂಡಿವೆ. ಅರ್ಧ ಗಂಟೆ ಅಲುಗಾಡದೆ ಕೂತರೆ ನನಗೂ ಒಂದು ಕೋಟ್ ಹೊಡೆದು ಬಿಡ್ತಾಳೆ ಅಂತ ನಾನು ರೇಗಿಸ್ತೀನಿ. "ನಿನಗೆ ಮೊದಲು ಉಜ್ಜೋ ಕಾಗದ ಹಾಕಬೇಕು, ಅಷ್ಟು ಒರಟು ನೀನು," ಅಂತಾಳೆ. ನನಗೆ ಐವತ್ತು ದಾಟಿದ್ದರೂ ಅವಳ ಬಾಯಲ್ಲಿ ನಾನು ಇನ್ನೂ ಹುಡುಗಿಯೇ.

ಆ ದಿನ ನಾನು ಹದಿನೇಳನೇ ಪುಟದ ಒಂದು ಪ್ರತಿ ಜಾಸ್ತಿ ತೆಗೆದು ಮನೆಗೆ ಒಯ್ದೆ. ಅತ್ತೆ ಬಾಲ್ಕನಿಯಲ್ಲಿ ಕೂತು ಓದಿದಳು. ಒಂದು ಸಲ ಓದಿ, ಕನ್ನಡಕ ಒರೆಸಿ, ಮತ್ತೆ ಓದಿದಳು.

"ಇಪ್ಪತ್ತೆಂಟು ವರ್ಷ ನಾನೇನು ಪ್ಲಾಟ್‌ಫಾರಂ ಮೇಲೆ ಕೂತು ಕಡಲೆಕಾಯಿ ತಿಂತಿದ್ದೆನಾ?" ಅಂದಳು. "ಹೊರಗೋಡೆ ಐದು ವರ್ಷಕ್ಕೊಮ್ಮೆ. ಒಳಗಿನ ಹಾಲ್ ಮೂರು ವರ್ಷಕ್ಕೊಮ್ಮೆ. ಕಬ್ಬಿಣದ ಕಂಬ, ಬೆಂಚು ವರ್ಷ ವರ್ಷ. ನನ್ನ ಮೊಣಕಾಲು ಹೀಗಾಗಿದ್ದು ಯಾವುದಕ್ಕೆ ಮತ್ತೆ? ಏಳು ಹುಡುಗಿ, ಚಪ್ಪಲಿ ಹಾಕ್ಕೋ."

ನಾನು ಹಾಕಿಕೊಂಡೆ.

ನಿಲ್ದಾಣದ ಕೆಲಸ ನೋಡಿಕೊಳ್ಳುವ ಸಾಹೇಬ ಕೆಟ್ಟವನೇನಲ್ಲ. ಆತುರದವನು. ಯಾರು ಮಾತಾಡಿದರೂ ಆಗಲೇ ಅರ್ಧ ಎದ್ದು ನಿಂತಿರ್ತಾನೆ. ಅವನ ಕೋಣೆಯಲ್ಲಿ ವರದಿ ಹುಡುಗಿಯೂ ಇದ್ದಳು. ಅತ್ತೆಯನ್ನು ನೋಡಿ ಎದ್ದು ಕುರ್ಚಿ ಕೊಟ್ಟಳು. ಅತ್ತೆ ಕೂರಲಿಲ್ಲ.

"ಇಪ್ಪತ್ತೆಂಟು ವರ್ಷ ಇಲ್ಲಿ ಬಣ್ಣ ಹೊಡೆದವಳು ನಾನು. ಈ ಸಾಲು ಬರೆದಿದ್ದು ಯಾರು?"

"ನಾನೇ, ಅಜ್ಜಿ," ಅಂದಳು ಹುಡುಗಿ. "ಹಳೇ ಕಾಲದ್ದೆಲ್ಲ ಸಿಕ್ಕಿದೆ. ನಿಮ್ಮ ವರ್ಷಗಳ ರಿಜಿಸ್ಟರ್ ಮಾತ್ರ ಇಲ್ಲ. ರೆಕಾರ್ಡ್ ರೂಮಿಗೆ ನೀರು ನುಗ್ಗಿ ಹಾಳಾಯಿತಂತೆ."

"ನೀರು ನುಗ್ಗಿದ್ದು ನಿಮ್ಮ ಕೋಣೆಗೆ. ಅದಕ್ಕೆ ನಾನು ಕೆಲಸಗಳ್ಳಿ ಆದೆನಾ?"

ಹುಡುಗಿಯ ಮುಖ ಸಪ್ಪಗಾಯಿತು. ಸಾಹೇಬ ಕೈಗಡಿಯಾರ ನೋಡಿಕೊಂಡ. "ನೋಡಿ ಅಮ್ಮ, ನೀವು ಕೆಲಸ ಮಾಡಿಲ್ಲ ಅಂತ ಯಾರೂ ಹೇಳ್ತಿಲ್ಲ. ಆದರೆ ನನಗೆ ಕಾಗದ ಬೇಕು. ಒಂದಾದರೂ ಕಾಗದ ತನ್ನಿ, ಆ ಸಾಲು ತೆಗೆಸ್ತೀನಿ. ಸೋಮವಾರ ಕಲ್ಲು ಕೊರೆಯೋಕೆ ಹೋಗುತ್ತೆ, ಅವತ್ತೇ ಗೋಡೆ ಕೆರೆಯೋ ಮೆಷೀನೂ ಬರುತ್ತೆ."

ಅತ್ತೆಯ ಕಿವಿ ನೆಟ್ಟಗಾಯಿತು. "ಗೋಡೆ ಕೆರೀತೀರಾ? ಹಾಲ್‌ನ ಗೋಡೆನಾ?"

"ಇಟ್ಟಿಗೆ ಕಾಣೋವರೆಗೂ."

"ಹಾಗಿದ್ದರೆ ಗಡಿಯಾರ ಇಳಿಸಿ. ಈಗಲೇ ಇಳಿಸಿ. ಅದರ ಹಿಂದೆ ನಮ್ಮ ಬೆರಳಿದೆ."

ಸಾಹೇಬ ನನ್ನ ಕಡೆ ನೋಡಿದ, ಅಜ್ಜಿಗೆ ತಲೆ ಸರಿಯಿದೆಯಾ ಅನ್ನೋ ಹಾಗೆ. ಆ ಬೆರಳಿನ ವಿಷಯ ನನಗೂ ಆಗ ಗೊತ್ತಿರಲಿಲ್ಲ. ಅತ್ತೆ ಹೇಳಿದಳು. ಪ್ರತಿ ಸಲ ಬಣ್ಣ ಹೊಡೆಯುವಾಗ ಹಾಲ್‌ನ ದೊಡ್ಡ ಗಡಿಯಾರ ಇಳಿಸ್ತಿದ್ದರು. ಅದರ ಹಿಂದೆ ಮಾತ್ರ, ಹಳೇ ಬಣ್ಣದ ಮೇಲೆ ಹೊಸ ಬಣ್ಣ ಪೂರ್ತಿ ಮುಚ್ಚುತ್ತಿರಲಿಲ್ಲ. ಒಂದು ಬೆರಳಗಲ ಹಳೆಯದನ್ನು ಬಿಟ್ಟು, ಹೊಸ ಬಣ್ಣ ಹಸಿ ಇರುವಾಗಲೇ ಮೊಳೆಯಿಂದ ವರ್ಷ ಗೀಚಿ ಇಡ್ತಿದ್ದರು. ಮುಂದಿನ ಸಲ ಬಂದವರಿಗೆ ಕೆಳಗೆ ಏನಿದೆ, ಯಾವಾಗಿನದು ಅಂತ ಗೊತ್ತಾಗಬೇಕಲ್ಲ, ಅದಕ್ಕೆ. ಅವಳಿಗೆ ಕಲಿಸಿದ ಮೇಸ್ತ್ರಿಗೆ ಅವನ ಮೇಸ್ತ್ರಿ ಕಲಿಸಿದ್ದು. ಅವರ ಬಾಯಲ್ಲಿ ಅದಕ್ಕೆ ಬೆರಳು ಬಿಡೋದು ಅಂತ ಹೆಸರು.

"ಗೋಡೆ ಮೇಲೆ ಗೀಚಿದ್ದು ದಾಖಲೆ ಆಗಲ್ಲ ಅಮ್ಮ. ಕಾಗದ ತನ್ನಿ," ಅಂತ ಸಾಹೇಬ ಎದ್ದೇ ಹೋದ.

ಸರಿ, ಕಾಗದವೇ ಬೇಕು ಅಂದರೆ ಕಾಗದದ ವ್ಯವಹಾರ ನನ್ನದು. ಮಾರನೇ ದಿನ ಅಂಗಡಿಗೆ ಬೀಗ ಹಾಕಿ ರೆಕಾರ್ಡ್ ರೂಮಿಗೆ ಹೋದೆ. ಅಲ್ಲಿಯ ಗುಮಾಸ್ತ ನನ್ನ ಹಳೇ ಗಿರಾಕಿ. ಅವನ ಮೂರು ತಲೆಮಾರಿನ ಜಾತಕ ನನ್ನ ಮೆಷೀನಿನಲ್ಲಿ ಹಾದು ಹೋಗಿದೆ, ಅದು ಅವನಿಗೂ ಗೊತ್ತು. ಉಸಿರೆತ್ತದೆ ಬಾಗಿಲು ತೆಗೆದ. ವರದಿ ಹುಡುಗಿಯೂ ಬಂದು ಸೇರಿಕೊಂಡಳು. ನೀರು ಕುಡಿದು ಹಲಗೆಯಂತಾದ ಫೈಲುಗಳನ್ನು ಇಬ್ಬರೂ ಎರಡು ದಿನ ಬಿಡಿಸಿದೆವು. ಸೀನಿ ಸೀನಿ ನನ್ನ ಮೂಗು ಟೊಮೇಟೊ ಆಯಿತು. ಎರಡನೇ ದಿನ ಮಧ್ಯಾಹ್ನ, ಲೈಟ್ ಬಲ್ಬಿನ ಫೈಲೊಂದರಲ್ಲಿ ತಪ್ಪಿ ಸೇರಿಕೊಂಡಿದ್ದ ಒಂದು ಹಾಳೆ ಸಿಕ್ಕಿತು. "ಒಳಗಿನ ಹಾಲ್, ಎರಡು ಕೋಟ್, ಕೆಲಸ ಪೂರ್ಣ." ತೊಂಬತ್ತಾರನೇ ಇಸವಿ. ಕೆಳಗೆ ಅತ್ತೆಯ ಸಹಿ, ಗುಂಡು ಗುಂಡಗೆ.

ನಾನು ಆ ಗುಮಾಸ್ತನ ಮುಂದೆಯೇ ಕುಣಿದುಬಿಟ್ಟೆ. ಹುಡುಗಿ ನನ್ನನ್ನು ತಬ್ಬಿಕೊಂಡಳು.

ಮನೆಗೆ ಓಡಿ ಬಂದು ಅತ್ತೆಯ ಕೈಗೆ ಕೊಟ್ಟೆ. ಅವಳು ಬಹಳ ಹೊತ್ತು ನೋಡಿದಳು. "ಇದೊಂದೇನಾ ಸಿಕ್ಕಿದ್ದು?" ಅಂತ ಕೇಳಿದಳು. ಇದೊಂದೇ, ಇದೊಂದು ಸಾಕು ಅಂದೆ. ಆ ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಸಂತೋಷಕ್ಕೆ ಹಸಿವು ಕಟ್ಟಿದೆ ಅಂದುಕೊಂಡೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಶನಿವಾರ ಸಾಹೇಬ ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಮೊದಲ ಸಲ ಪೂರ್ತಿಯಾಗಿ ಕುರ್ಚಿಯಲ್ಲಿ ಕೂತ. "ಭೇಷ್! ಮೊಹರು, ಸಹಿ ಎಲ್ಲ ಇದೆ. ಇದು ಸಾಕು. ಆ ಸಾಲು ತೆಗೆಸಿಬಿಡ್ತೀನಿ," ಅಂದ. ನಾನು ಅತ್ತೆಯ ಮೊಣಕೈ ಒತ್ತಿದೆ. ನಡಿ ಅತ್ತೆ, ಗೆದ್ದೆವು ಅಂತ.

ಅತ್ತೆ ಕದಲಲಿಲ್ಲ. "ಆ ಕಾಗದ ಸುಳ್ಳು," ಅಂದಳು.

ಸಾಹೇಬ ಹಾಳೆಯನ್ನು ಮೇಜಿನ ಮೇಲಿಟ್ಟ.

"ತೊಂಬತ್ತಾರರಲ್ಲಿ ನನ್ನನ್ನು ಮೇಸ್ತ್ರಿ ಮಾಡಿ ಎರಡು ತಿಂಗಳಾಗಿತ್ತು. ಹಾಲ್‌ಗೆ ಬಂದ ಬಣ್ಣದ ಡಬ್ಬ ಎಲ್ಲ ಆಗಿನ ದೊಡ್ಡ ಸಾಹೇಬರ ಬಂಗಲೆ ಕಾಂಪೌಂಡಿಗೆ ಹೋಯಿತು. ಸಹಿ ಹಾಕು, ಮುಂದಿನ ತಿಂಗಳು ಬೇರೆ ಡಬ್ಬ ತರಿಸ್ತೀವಿ ಅಂದರು. ಹೆಂಗಸಿಗೆ ಮೇಸ್ತ್ರಿ ಕೆಲಸ ಕೊಟ್ಟಿದ್ದೇ ಹೆಚ್ಚು, ಅದನ್ನೂ ಕಿತ್ಕೋತಾರೆ ಅಂತ ಹೆದರಿಬಿಟ್ಟೆ. ಸಹಿ ಹಾಕಿದೆ. ಡಬ್ಬ ಬರಲೇ ಇಲ್ಲ. ಉಳಿದ ಎಂಟು ಸಲ ಹಾಲ್‌ಗೆ ಬಣ್ಣ ಹೊಡೆದಿದ್ದೀನಿ. ಆ ಒಂದು ಸಲ ಹೊಡೆದಿಲ್ಲ."

ಸಾಹೇಬ ಮೆಲ್ಲಗೆ, "ಅಮ್ಮ, ಇದನ್ನ ಯಾರೂ ಕೇಳಲ್ಲ. ನೀವು ಈಗ ಹೀಗೆಲ್ಲ ಹೇಳಿದರೆ ನಾಳೆ ನಿಮ್ಮ ಪಿಂಚಣಿಗೇ ತಕರಾರು ಬರಬಹುದು," ಅಂದ.

"ಬರಲಿ. ಎಪ್ಪತ್ತೈದು ವರ್ಷಕ್ಕೆ ಇನ್ನೊಂದು ಸಲ ಹೆದರಿಸಬೇಡಿ ನನ್ನ. ಒಂದು ಸಲ ಹೆದರಿದ್ದಕ್ಕೇ ಇಷ್ಟು ವರ್ಷ ಒದ್ದಾಡಿದ್ದೀನಿ. ಗಡಿಯಾರ ಇಳಿಸಿ, ಗೋಡೆ ನೋಡಿ."

"ಹಾಗಾದರೆ ದಾಖಲೆ ಇಲ್ಲ ಅಂತಲೇ ಆಯಿತಲ್ಲ! ಇದ್ದ ಒಂದನ್ನೂ ನೀವೇ ಸುಳ್ಳು ಅಂತೀರಿ," ಅಂತ ಸಾಹೇಬನಿಗೂ ರೇಗಿತು. "ಕಲ್ಲಿನ ಸಾಲು ಹಾಗೇ ಇರುತ್ತೆ. ಹೋಗಿ ಬನ್ನಿ."

ದಾರಿಯುದ್ದಕ್ಕೂ ನಾನು ಅತ್ತೆಯನ್ನು ಬೈದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗೇ ಬೈದೆ. "ಎರಡು ದಿನ ಧೂಳು ಕುಡಿದಿದ್ದೀನಿ ನಾನು! ಬಾಯಿ ಮುಚ್ಕೊಂಡು ನಿಂತಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?"

ಅತ್ತೆ ರಸ್ತೆ ಮಧ್ಯೆ ನಿಂತಳು. ಹಿಂದೆ ಆಟೋದವನು ಹಾರ್ನ್ ಹೊಡೆದ. "ನಾನು ಮಾಡದೇ ಇದ್ದದ್ದನ್ನ ಮಾಡಿದ್ದೀನಿ ಅಂತ ಒಂದು ಕಾಗದ ಹೇಳುತ್ತೆ. ಮಾಡಿದ್ದನ್ನೆಲ್ಲ ಮಾಡಿಲ್ಲ ಅಂತ ಒಂದು ಕಲ್ಲು ಹೇಳುತ್ತೆ. ಆ ಸುಳ್ಳು ಹಿಡ್ಕೊಂಡು ಈ ಸುಳ್ಳು ಅಳಿಸಲಾ? ಆಮೇಲೆ ನಾನು ಅಲ್ಲಿ ಟಿಕೆಟ್ ತಗೊಳ್ಳೋಕಾದರೂ ಹೇಗೆ ಹೋಗಲಿ ಹುಡುಗಿ?"

ನಾನು ಅವಳ ಕೈ ಹಿಡಿದು ರಸ್ತೆ ಬದಿಗೆ ಕರೆದುಕೊಂಡೆ. ಆಟೋದವನಿಗೆ, ಹಾರ್ನ್ ಹೊಡೆದಿದ್ದಕ್ಕೆ, ಇದ್ದಬದ್ದದ್ದೆಲ್ಲ ಅಂದೆ.

ಸೋಮವಾರ ಬೆಳಿಗ್ಗೆ ಕಲ್ಲಿನ ಕೆಲಸದವನಿಗೆ ಕಾಗದ ಹೋಯಿತು. ಗೋಡೆ ಕೆರೆಯುವ ಮೆಷೀನೂ ಬಂತು. ಬಂದು ನೋಡಿದರೆ ಹಾಲ್‌ನಲ್ಲಿ, ಗಡಿಯಾರದ ಕೆಳಗಿನ ಬೆಂಚಿನ ಮೇಲೆ ನನ್ನ ಅತ್ತೆ. ತೊಡೆಯ ಮೇಲೆ ಬಟ್ಟೆ ಸುತ್ತಿದ ಹಳೇ ಬ್ರಷ್ಷು, ಪಕ್ಕದಲ್ಲಿ ನೀರಿನ ಬಾಟಲಿ. ಏಳಿ ಅಂದರು. ಪ್ಲಾಟ್‌ಫಾರಂ ಟಿಕೆಟ್ ತೋರಿಸಿದಳು. ಇದರ ಟೈಮ್ ಮುಗೀತು ಅಂದರು. ನಾನು ಇನ್ನೊಂದು ತಂದುಕೊಟ್ಟೆ. ಧೂಳು ಬರುತ್ತೆ ಅಜ್ಜಿ ಅಂದರು. "ಇಪ್ಪತ್ತೆಂಟು ವರ್ಷ ಇದೇ ಗೋಡೆಯ ಧೂಳು ಕುಡಿದಿದ್ದೀನಿ, ನಿಮ್ಮದೇನು ಹೊಸದಾ?" ಅಂದಳು. ಮನುಷ್ಯರು ಕೂತಿರುವಾಗ ತಲೆಯ ಮೇಲೆ ಮೆಷೀನ್ ಹಚ್ಚುವಂತಿಲ್ಲ. ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಕೆಲಸದವರು ಸಾಲಾಗಿ ಕೂತು ಫೋನ್ ನೋಡ್ತಿದ್ದರು. ಬುಧವಾರ ಹತ್ತು ಗಂಟೆಗೆ ಕಂಟ್ರಾಕ್ಟರನ ತಾಳ್ಮೆ ಹರಿಯಿತು. "ಅಯ್ಯೋ, ಒಂದು ಗಡಿಯಾರ ಇಳಿಸಿದರೆ ನಿಲ್ದಾಣ ಮುಳುಗಿ ಹೋಗುತ್ತಾ ಸಾರ್? ಗೋಡೆ ಕೆರೆಯೋಕೆ ಹೇಗೂ ಇಳಿಸಲೇಬೇಕು!" ಅಂತ ಸಾಹೇಬನ ಮುಂದೆಯೇ ಇಬ್ಬರನ್ನು ಏಣಿ ಹತ್ತಿಸಿದ.

ಗಡಿಯಾರ ಕೆಳಗೆ ಬಂತು.

ಗೋಡೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬಣ್ಣ. ಒಂದೊಂದೂ ಒಂದೊಂದು ಬೆರಳಗಲ. ಅಡಿಯಲ್ಲಿ ಮಾಸಿದ ಸುಣ್ಣ, ಆಮೇಲೆ ಇಟ್ಟಿಗೆ ಕೆಂಪು, ಬೂದಿ, ಕೆನೆ, ತಿಳಿ ಹಸಿರು. ವರದಿ ಹುಡುಗಿ ಚೀಲ ಕೆಳಗೆ ಹಾಕಿ ಏಣಿ ಹತ್ತಿದಳು. ಅತ್ತೆ ಕೆಳಗೆ ನಿಂತು, ಗೋಡೆಯ ಕಡೆ ನೋಡದೆ, ಕಣ್ಣು ಮುಚ್ಚಿ ಹೇಳುತ್ತಾ ಹೋದಳು. "ಎಂಬತ್ತೊಂದು, ಕೆನೆ. ಎಂಬತ್ತನಾಲ್ಕು, ಕೆನೆನೇ, ಸ್ವಲ್ಪ ಹಳದಿ ಜಾಸ್ತಿ. ಎಂಬತ್ತೇಳು, ಹಸಿರು. ತೊಂಬತ್ತು. ತೊಂಬತ್ತಮೂರು."

"ಇದೆ. ಇದೆ ಅಜ್ಜಿ. ಇದೂ ಇದೆ," ಅಂತ ಮೇಲಿಂದ ಹುಡುಗಿ.

"ತೊಂಬತ್ತಾರು ಇರಲ್ಲ."

ಹುಡುಗಿ ಬೆರಳಿಂದ ಗೋಡೆ ಸವರಿ ನೋಡಿದಳು. "ಇಲ್ಲ ಅಜ್ಜಿ. ತೊಂಬತ್ತೊಂಬತ್ತು ಇದೆ."

"ಎರಡು ಸಾವಿರದ ಎರಡು. ಐದು. ಎಷ್ಟಾಯಿತು?"

"ಎಂಟು."

"ಎಂಟೇ ಬರಿ. ಒಂಬತ್ತು ಅಂತ ಬರೀಬೇಡ."

ಸಾಹೇಬ ತಾನೂ ಏಣಿ ಹತ್ತಿ ನೋಡಿದ. ಗೀಚಿದ ವರ್ಷಗಳ ಮೇಲೆ ಕೈಯಾಡಿಸಿದ. ಇಳಿದು ಬಂದವನಿಗೆ ಮೊದಲ ಸಲ ಎಲ್ಲಿಗೂ ಹೋಗುವ ಆತುರ ಇದ್ದಂತೆ ಕಾಣಲಿಲ್ಲ. ಹುಡುಗಿ ವರದಿಯ ಹದಿನೇಳನೇ ಪುಟ ಹರಿದು ಹೊಸದು ಬರೆದಳು. ಗಡಿಯಾರದ ಹಿಂದಿನ ಅಷ್ಟು ಜಾಗವನ್ನು ಕೆರೆಯದೆ ಬಿಡಬೇಕು ಅಂತಲೂ ಬರೆದಳು. ಸಾಹೇಬ ಸಹಿ ಹಾಕಿದ. ಪಿಂಚಣಿಯ ಮಾತು ಯಾರೂ ಎತ್ತಲಿಲ್ಲ.

ಆದರೆ ಕಲ್ಲು? ಕಲ್ಲು ಆಗಲೇ ಕೊರೆದು, ಬಾಗಿಲ ಪಕ್ಕ ಕೂರಿಸಿಯೂ ಆಗಿತ್ತು. ಅದೇ ಸಾಲು, ಅಚ್ಚುಕಟ್ಟಾಗಿ, ಆಳವಾಗಿ. ಹೊಸ ಕಲ್ಲಿಗೆ ಮತ್ತೆ ಮಂಜೂರಾತಿ ಬೇಕು, ಆರು ತಿಂಗಳಾದರೂ ಆಗುತ್ತೆ, ಉದ್ಘಾಟನೆ ಹತ್ತು ದಿನದಲ್ಲಿದೆ ಅಂತ ಸಾಹೇಬ ಕೈ ಚೆಲ್ಲಿದ. ಆ ಸಾಲಿಗೆ ಒಂದು ಸ್ಟಿಕ್ಕರ್ ಅಂಟಿಸೋಣ ಅಂದ.

"ಸ್ಟಿಕ್ಕರ್ ಅಂತೆ ಸ್ಟಿಕ್ಕರ್!" ಅಂದಳು ಅತ್ತೆ. "ಎರಡು ಮಳೆಗೆ ಕಿತ್ತು ಬರುತ್ತೆ. ಅಕ್ಷರದ ಗುಂಡಿ ತುಂಬೋಕೆ ಪುಟ್ಟಿ ತರಿಸಿ. ಕರಿ, ಬಿಳಿ, ಚೂರು ನೀಲಿ ತರಿಸಿ. ಏಣಿ ತನ್ನಿ."

ಏಣಿ ನಾನೇ ಹಿಡಿದೆ. ಗಟ್ಟಿಯಾಗಿ ಹಿಡಿದೆ. ನಾಲ್ಕೇ ಮೆಟ್ಟಿಲು, ಆದರೂ ನನ್ನ ಜೀವ ಬಾಯಿಗೆ ಬಂದಿತ್ತು. ಅವಳು ಮಾವನ ಅಂಗಿ ಹಾಕಿಕೊಂಡಿದ್ದಳು. ಒಂದೊಂದೇ ಅಕ್ಷರಕ್ಕೆ ಪುಟ್ಟಿ ತುಂಬಿದಳು, ಒಣಗಲು ಬಿಟ್ಟಳು, ಉಜ್ಜಿದಳು. ಮಾರನೇ ದಿನ ಬಣ್ಣ ಬೆರೆಸಿದಳು. ಮೂರು ಸಲ ಬೆರೆಸಿ, ಮೂರು ಸಲ ಕಲ್ಲಿಗೆ ಹಿಡಿದು ನೋಡಿ, ಇಲ್ಲ ಅಂತ ತಲೆಯಾಡಿಸಿ, ನಾಲ್ಕನೆಯದಕ್ಕೆ ಒಪ್ಪಿದಳು. ಸಾಯಂಕಾಲದ ಹೊತ್ತಿಗೆ ಅಲ್ಲೊಂದು ಸಾಲಿತ್ತು ಅಂತ ಹೇಳಿದರೂ ಯಾರೂ ನಂಬದ ಹಾಗಾಗಿತ್ತು.

ಒಂದು ಕಡೆ ಬಿಟ್ಟು. ಸಾಲಿನ ತುದಿಯಲ್ಲಿ, ಒಂದು ಬೆರಳಗಲ, ಕೊರೆದದ್ದು ಹಾಗೇ ಉಳಿದಿತ್ತು.

"ಅತ್ತೆ, ಅಲ್ಲೊಂಚೂರು ಬಿಟ್ಟುಹೋಗಿದೆ ನೋಡು," ಅಂದೆ.

"ಬಿಟ್ಟುಹೋಗಿಲ್ಲ. ಬಿಟ್ಟಿದ್ದೀನಿ." ಅವಳು ಬ್ರಷ್ಷಿನ ಹಿಡಿಯಿಂದ ಹಸಿ ಬಣ್ಣದ ಅಂಚಿನಲ್ಲಿ ಏನೋ ಗೀಚುತ್ತಿದ್ದಳು. ನಾನು ಕತ್ತು ಉದ್ದ ಮಾಡಿ ನೋಡಿದೆ. ಈ ವರ್ಷದ್ದಲ್ಲ. ತೊಂಬತ್ತಾರು ಅಂತ ಬರೆದಿದ್ದಳು.

"ಅಷ್ಟು ನಿರ್ಲಕ್ಷ್ಯ ನನ್ನದು, ಅದು ಇರಲಿ," ಅಂದಳು ಅತ್ತೆ. "ಏಣಿ ಸರಿಯಾಗಿ ಹಿಡ್ಕೋ, ಇಳೀತೀನಿ."